ಸೀಟಿನ ಚೀಲ

ಗಾಜಿಪುರ, ಕಲಬುರಗಿ
27 ಜೂನ್ 2024

ಶ್ರೀಮತಿ ಫರ್ಹೀನ್ ಸಿಸ್ಟರ್ ಅವರಿಗೆ,

ಇತ್ತ ಎಲ್ಲರೂ ಕ್ಷೇಮ, ನನ್ನ ಬಲಭುಜವೊಂದನ್ನು ಬಿಟ್ಟು. ನಿಮ್ಮ ಕ್ಷೇಮ ಕೇಳೋಣವೆಂದರೆ ನೀವು ಫೋನ್ ಎತ್ತುವುದಿಲ್ಲ, ಮೆಸೇಜು ಓದಿಯೂ ಓದದವರ ಹಾಗೆ ಇರುತ್ತೀರಿ. ಮಂಗಳವಾರದಿಂದ ಎಂಟರ ಬಸ್ಸು ಬಿಟ್ಟು ಏಳರ ಬಸ್ಸಿಗೆ ಹೋಗುತ್ತಿದ್ದೀರಂತೆ. ಅಷ್ಟು ಬೇಗ ಕಮಲಾಪುರದ ಆಸ್ಪತ್ರೆಗೆ ಹೋಗಿ ಏನು ಮಾಡುತ್ತೀರಿ, ಮಲಗಿದ ರೋಗಿಗಳನ್ನು ಎಬ್ಬಿಸುತ್ತೀರಾ? ಬೇರೆ ದಾರಿ ಕಾಣದೆ ಕೈಯಲ್ಲಿ ಬರೆಯುತ್ತಿದ್ದೇನೆ. ನೀವು ಸಂಜೆ ವಾಪಸ್ ಬರುವ ಬಸ್ಸಿನಲ್ಲಿ ಕಂಡಕ್ಟರ್ ನೀಲಕಂಠ ಇದನ್ನು ಕೊಡುತ್ತಾನೆ. "ಒಂದೇ ಊರು, ಒಂದೇ ರೋಡು, ನಡಕ ಪೋಸ್ಟ್ ಯಾಕ್ರೀ ಮೇಡಂ?" ಎಂದು ಕೇಳಿದ. ನಿಮ್ಮನ್ನೇ ಕೇಳಲು ಹೇಳಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚೀಲ ಕಡಿಮೆ ಮಾಡು ಎಂದವರು ನೀವೇ. ಬಸ್ಸಿನಲ್ಲಿ ನನ್ನ ಭುಜ ಒತ್ತಿ ನೋಡಿ, "ಇದು ಭುಜ ಅಲ್ಲ ವಿದ್ಯಾ, ಗೂಟ ಆಗ್ಯಾದ. ದಿನಾ ಹಿಂಗ ಐದು ಚೀಲ ಹೊತ್ರ ನಾಳೆ ಬೋರ್ಡಿನ ಮ್ಯಾಲ ಕೈ ಎತ್ತೂದು ಬಂದ್ ಆಗ್ತದ," ಎಂದಿರಿ. ಗಣಿತದ ಟೀಚರ್‌ಗೆ ಕೈ ಏಳದಿದ್ದರೆ ಉಳಿದದ್ದೇನು? ಹೆದರಿಬಿಟ್ಟೆ.

ಭಾನುವಾರ ಐದೂ ಚೀಲಗಳನ್ನು ಪಡಸಾಲೆಯಲ್ಲಿ ಸುರುವಿಕೊಂಡು ಕೂತೆ. ನಮ್ಮ ಅತ್ತೆ ಕಸ್ತೂರಿಬಾಯಿಯವರು ಬೆಳ್ಳುಳ್ಳಿ ಸುಲಿಯುತ್ತ ನ್ಯಾಯಾಧೀಶರ ಹಾಗೆ ಎದುರಿಗೆ ಕೂತರು. ಹೆಗಲಿಗೆ ಹಾಕುವ ಕರಿ ಬ್ಯಾಗಿನಲ್ಲಿ ನನ್ನ ಮಗ ಮೌನೇಶನ ಪೀಪಿ ಸಿಕ್ಕಿತು. ಅವನಿಗೆ ಹೆಸರು ಮಾತ್ರ ಮೌನೇಶ. ಅವತ್ತಿಡೀ ಮನೆಯಲ್ಲಿ ಪೀಪಿಯೇ. ದೀಪಾವಳಿಯಿಂದ ಹುಡುಕುತ್ತಿದ್ದ ನಮ್ಮವರ ಚಷ್ಮಾ ಕೂಡ ಅದರಲ್ಲೇ ಇತ್ತು. "ನಾ ಹೇಳಿದ್ದಿಲ್ಲ, ಮನ್ಯಾಗೇ ಅದ ಅಂತ?" ಎಂದರು ಗುರುಪ್ರಸಾದ ಸಾಹೇಬರು. ಎರಡನೆಯದು ನೋಟ್‌ಬುಕ್ಕಿನ ಚೀಲ. ಆ ನೋಟ್‌ಬುಕ್ಕುಗಳು ದಿನಾ ಕಮಲಾಪುರದಿಂದ ಗಾಜಿಪುರಕ್ಕೆ ಬಂದು, ರಾತ್ರಿ ಮಲಗಿ, ಕೆಂಪು ಪೆನ್ನು ಕಾಣದೆ ಹಾಗೇ ವಾಪಸ್ ಹೋಗುತ್ತವೆ. ಮೂರನೆಯದು ಬುತ್ತಿಯ ಚೀಲ. ಅದರಲ್ಲಿ ನನ್ನ ರೊಟ್ಟಿ ಒಂದು ಡಬ್ಬಿ, ಅತ್ತೆಯ ಶೇಂಗಾ ಚಟ್ನಿಗೆ ಮನಸೋತ ನಮ್ಮ ಹೆಡ್‌ಮೇಡಂಗೆ ಒಂದು ಡಬ್ಬಿ. ನಾಲ್ಕನೆಯದು ನಮ್ಮ ಓಣಿಯವರಿಗೆಲ್ಲ ಕಮಲಾಪುರದ ಕೆಂಪು ಬಾಳೆಹಣ್ಣು ತರುವ ಚೀಲ.

ಐದನೆಯದು ನಿಮಗೆ ಗೊತ್ತು. ಜಿಪ್ಪು ಹೋದ, ಸೀರೆ ಅಂಗಡಿಯವರು ಕೊಟ್ಟ ಹಳೆ ಚೀಲ. ಒಳಗೆ ಹಳೆ ಪೇಪರು, ವಜನಕ್ಕೆ ಕೀಲಿಕೈ ಕಳೆದ ಒಂದು ಬೀಗ. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಬಾಗಿಲಿನಿಂದ ಹತ್ತಿ ಸೀಟು ಹಿಡಿದವರನ್ನು ನಾನು ನೋಡಿಲ್ಲ. ಕಿಟಕಿಯಿಂದ ಚೀಲ ಎಸೆಯಬೇಕು, ಚೀಲ ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂರಬಾರದು, ಇದು ನಮ್ಮ ಕಡೆ ಎಲ್ಲರೂ ಒಪ್ಪಿದ ಕಾನೂನು. ದಿನಾ ನಾನು ಅದನ್ನು ಬಲಗಡೆಯ ಮೂರನೆಯ ಸೀಟಿಗೆ ಎಸೆಯುತ್ತಿದ್ದೆ, ರಿಂಗ್ ರೋಡ್ ಸ್ಟಾಪಿನಲ್ಲಿ ಹತ್ತುವ ನಿಮಗೆ ಕಿಟಕಿ ಕಾದಿಡುತ್ತಿದ್ದೆ. ಆದರೆ ಭಾನುವಾರ ನೋಡಿದರೆ, ಆ ಚೀಲದಲ್ಲಿ ಉಪಯೋಗದ ಸಾಮಾನು ಒಂದೂ ಇರಲಿಲ್ಲ. ಹಾಗಾಗಿ ಮೊದಲು ಹೋದದ್ದು ಅದೇ.

ಸೋಮವಾರ ನಮ್ಮವರ ಹಳೆ ಬ್ಯಾಗು ಒಂದನ್ನೇ ಬೆನ್ನಿಗೆ ಹಾಕಿಕೊಂಡು ಕಾಲೇಜು ಹುಡುಗಿಯ ಹಾಗೆ ಬಸ್‌ಸ್ಟ್ಯಾಂಡಿಗೆ ಬಂದೆ. ಬಸ್ಸು ಬಂತು, ಮಂದಿ ಓಡಿದರು, ನಾನೂ ಓಡಿ ಕಿಟಕಿಯ ಕೆಳಗೆ ನಿಂತು ಕೈ ಎತ್ತಿದೆ. ಕೈಯಲ್ಲಿ ಏನೂ ಇರಲಿಲ್ಲ. ಬೆನ್ನಿನ ಬ್ಯಾಗು ಬಿಚ್ಚೋಣವೆಂದರೆ ಅದು ಇಬ್ಬರು ದಪ್ಪ ಹೆಂಗಸರ ನಡುವೆ ಸಿಕ್ಕಿಕೊಂಡಿತ್ತು. ಕೊನೆಗೆ ಹತ್ತಿದವಳು ನಾನೇ, ನನಗೂ ಸೀಟಿಲ್ಲ.

ರಿಂಗ್ ರೋಡಿನಲ್ಲಿ ಹತ್ತಿದ ನೀವು "ನನ್ನ ಸೀಟ್ ಎಲ್ಲಿ?" ಎಂದಿರಿ. "ನೀನೇ ಹೇಳಿದ್ದಿಲ್ಲ, ಚೀಲ ಕಡಿಮಿ ಮಾಡು ಅಂತ?" ಎಂದೆ. ನಗುತ್ತ ಹೇಳಿದೆ, ಮೌನೇಶನ ಆಣೆ. ಅದಕ್ಕೆ ನೀವು ಇಡೀ ಬಸ್ಸಿಗೆ ಕೇಳುವಂತೆ, "ಹಂಗಾರ ನಾ ಭೀ ಒಂದು ಚೀಲಾನೇ ಅನ್ನು. ಒಗದಿ, ಹಗುರಾದಿ," ಎಂದು ಮುಖ ತಿರುಗಿಸಿದವರು ಕಮಲಾಪುರ ಬರುವ ತನಕ ಇತ್ತ ನೋಡಲಿಲ್ಲ. ಈಗ ನೀವೇ ಹೇಳಿ, ತಪ್ಪು ಯಾರದು?

ನಿಮ್ಮ ಮಾತು ಕೇಳಿ ಕೆಟ್ಟವಳು,
ವಿದ್ಯಾವತಿ

*

ಕಮಲಾಪುರ
1 ಜುಲೈ 2024

ವಿದ್ಯಾವತಿ ಮೇಡಂ ಅವರಿಗೆ,

ಪತ್ರ ಮುಟ್ಟಿತು. ಮೊದಲು ಭುಜದ ವಿಷಯ. ಬೆಳಿಗ್ಗೆ ಸಂಜೆ ಬಿಸಿನೀರಿನ ಶಾಖ ಕೊಡಿ. ಯಾರ ಕೈಯಿಂದಲೂ ತಿಕ್ಕಿಸಿಕೊಳ್ಳಬೇಡಿ, ಗುರುಪ್ರಸಾದ ಅವರ ಕೈಯಿಂದಂತೂ ಬೇಡವೇ ಬೇಡ.

ಈಗ ಜಗಳದ ವಿಷಯ. ನಾನು ಬಿಡಿ ಎಂದದ್ದು ನೋಟ್‌ಬುಕ್ಕು ಮತ್ತು ಬಾಳೆಹಣ್ಣನ್ನು. ನೋಟ್‌ಬುಕ್ಕು ಈಗ ನಿಮ್ಮ ಬೆನ್ನಿನ ಮೇಲಿವೆ. ಬಾಳೆಹಣ್ಣು ಪ್ಲಾಸ್ಟಿಕ್ ಕವರಿನಲ್ಲಿ ನಿಮ್ಮ ಕೈಯಲ್ಲಿ ಜೋತಾಡುತ್ತದೆಂದು ನೀಲಕಂಠ ಹೇಳಿದ. ಅಂದರೆ ನೀವು ಕಡಿಮೆ ಮಾಡಿದ ಭಾರ ನನ್ನೊಬ್ಬಳದೇ. ನೀವು ನಗುತ್ತ ಹೇಳಿದ್ದು ನಿಜ. ನನಗೆ ಹೆಚ್ಚು ನೋವಾದದ್ದು ಅದಕ್ಕೇ.

ಬೆಳಿಗ್ಗೆ ಎದ್ದ ಮೇಲೆ ನಾನು ಕೂರುವುದಿಲ್ಲ. ಅತ್ತೆಗೆ ಇನ್ಸುಲಿನ್, ದಾನಿಶನಿಗೆ ಟಿಫಿನ್, ಅವನಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ. ಆಸ್ಪತ್ರೆಯಲ್ಲಿ ನರ್ಸ್‌ಗೊಂದು ಕುರ್ಚಿ ಇದೆ, ಅದರ ಮೇಲೆ ಯಾವಾಗ ನೋಡಿದರೂ ರೋಗಿಯ ಕಡೆಯವರು ಕೂತಿರುತ್ತಾರೆ. ರಿಂಗ್ ರೋಡಿನಿಂದ ಕಮಲಾಪುರದವರೆಗೆ ಆ ಮುಕ್ಕಾಲು ಗಂಟೆ ಮಾತ್ರ ನಾನು ಕೂರುವುದು. ಅಲ್ಲಿ ನನ್ನನ್ನು ಯಾರೂ ಸಿಸ್ಟರ್ ಎನ್ನುವುದಿಲ್ಲ, ಬಹೂ ಎನ್ನುವುದಿಲ್ಲ, ಅಮ್ಮೀ ಎನ್ನುವುದಿಲ್ಲ. ಹಿಂದಿನ ರಾತ್ರಿ ಪಾತ್ರೆ ತೊಳೆಯುವಾಗಲೇ ನನಗೆ ಆ ಕಿಟಕಿ ನೆನಪಾಗುತ್ತದೆ. ಅವತ್ತು ನಿಮಗೊಂದು ಸುದ್ದಿ ಹೇಳಬೇಕೆಂದು ಬಂದಿದ್ದೆ. ಸರಳು ಹಿಡಿದು ಜೋತುಬಿದ್ದು ಹೇಳುವ ಸುದ್ದಿ ಅದಲ್ಲ.

ಆ ಚೀಲದ ಹಿಡಿಕೆ ಹರಿದಾಗ ಆಸ್ಪತ್ರೆಯ ದಾರದಿಂದ ಹೊಲಿಗೆ ಹಾಕಿದವಳು ನಾನು. ಅದು ಈಗ ಎಲ್ಲಿದೆ?

ನಿಂತೇ ಬರೆದ,
ಫರ್ಹೀನ್

*

ಗಾಜಿಪುರ
18 ಜುಲೈ 2024

ಫರ್ಹೀನ್ ಸಿಸ್ಟರ್ ಅವರಿಗೆ,

ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಹೆದರಿ ಇಷ್ಟು ದಿನ ಬರೆಯಲಿಲ್ಲ. ಚೀಲ ಹೋಯಿತು. ಹಳೆ ಬಟ್ಟೆ ತೊಗೊಂಡು ಪಾತ್ರೆ ಕೊಡುವ ಜುಬೇದಾ ನಮ್ಮ ಓಣಿಗೆ ಬಂದಿದ್ದಳು. ಅತ್ತೆ ಅದನ್ನು ಅವಳಿಗೆ ಕೊಟ್ಟು ಚಹಾ ಸೋಸುವ ಜರಡಿ ತೊಗೊಂಡರು. ನಾನು ಬಾಯಿ ಬಿಡುವ ಮೊದಲೇ, "ಹರಕ ಚೀಲಕ್ಕ ಹೊಸಾ ಜರಡಿ ಬಂತು, ನಿನಗ್ಯಾಕ ಹೊಟ್ಟಿಬ್ಯಾನಿ?" ಎಂದರು. ಈಗ ದಿನಾ ಆ ಜರಡಿಯಲ್ಲಿ ಸೋಸಿದ ಚಹಾ ಕುಡಿಯುವಾಗ ನಿಮ್ಮ ಸೀಟನ್ನೇ ಕುಡಿದ ಹಾಗೆ ಆಗುತ್ತದೆ.

ಚೀಲವಿಲ್ಲದೆ ಸೀಟು ಹಿಡಿಯಲು ನಾನು ಪಟ್ಟ ಪಾಡು ಕೇಳಿ. ಒಂದು ದಿನ ಕರ್ಚೀಫು ಎಸೆದೆ. ಅದು ಗಾಳಿಗೆ ತೇಲಿ ಮುಂದಿನ ಸೀಟಿನ ಕೂಸಿನ ಮೇಲೆ ಬಿತ್ತು, ಅದರ ತಾಯಿ ನನಗೆ ಥ್ಯಾಂಕ್ಸ್ ಹೇಳಿ ಕೂಸಿನ ಮೂಗು ಒರೆಸಿದಳು. ಇನ್ನೊಂದು ದಿನ ಬುತ್ತಿಯ ಡಬ್ಬಿ ಎಸೆದೆ. ಮುಚ್ಚಳ ತೆರೆದು ಯಾರೋ ಲೈನ್‌ಮನ್ನರ ಬಿಳಿ ಅಂಗಿಯ ಮೇಲೆಲ್ಲ ಬದನೆಕಾಯಿ ಪಲ್ಯ. ಅವರು ಮಹಾಗಾಂವ ಕ್ರಾಸ್ ಬರುವ ತನಕ ಬೈದರು, ಆಮೇಲೆ ರುಚಿ ಚೆನ್ನಾಗಿತ್ತು ಎಂದರು.

ಮೊನ್ನೆ ಮಂಗಳವಾರ, ಆದದ್ದಾಗಲಿ ಎಂದು ಬೆನ್ನಿನ ಬ್ಯಾಗನ್ನೇ ಕೈಯಲ್ಲಿ ಹಿಡಿದು ನಿಂತೆ. ಬಸ್ಸು ಬಂತು. ಜನರ ತಲೆಗಳ ನಡುವೆ ಬೋರ್ಡು ಕಾಣಲಿಲ್ಲ. ಎಲ್ಲರೂ ಓಡಿದರು, ನಾನೂ ಓಡಿ ಎಸೆದೆ. ಎಂಥ ಎಸೆತ ಅಂತೀರಿ! ಬಲಗಡೆ ಮೂರನೆಯ ಸೀಟಿನ ನಟ್ಟನಡುವೆ ಹೋಗಿ ಕೂತಿತು. ಖುಷಿಯಿಂದ ತಲೆ ಎತ್ತಿ ನೋಡಿದರೆ ಬೋರ್ಡಿನ ಮೇಲೆ ಆಳಂದ ಎಂದಿತ್ತು. ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ನಾನು ಕೂಗುತ್ತಲೇ ಇದ್ದೆ, ಬಸ್ಸು ಹೊರಟೇ ಹೋಯಿತು.

ಫೋನು, ಮನೆಯ ಕೀಲಿಕೈ, ರೊಟ್ಟಿ, ಹತ್ತನೆಯ ತರಗತಿಯ ಟೆಸ್ಟ್ ಪೇಪರು, ಎಲ್ಲವೂ ಆಳಂದಕ್ಕೆ. ಐದು ಚೀಲ ಇದ್ದಾಗ ಒಂದು ಹೋದರೆ ನಾಲ್ಕು ಉಳಿಯುತ್ತಿದ್ದವು. ಅವತ್ತು ಖಾಲಿ ಕೈಯಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದೆ. ನಿಮ್ಮ ಸಲಹೆಯನ್ನು ನಾನು ಪೂರ್ತಿ ಪಾಲಿಸಿದ್ದು ಅದೊಂದೇ ದಿನ.

ನೀಲಕಂಠ ಫೋನ್ ಮಾಡಿ ಆ ಬಸ್ಸಿನ ಕಂಡಕ್ಟರನ್ನು ಹಿಡಿದ. ಮಧ್ಯಾಹ್ನ ಬ್ಯಾಗು ವಾಪಸ್ ಬಂತು, ರೊಟ್ಟಿ ಸಮೇತ. ತಂದವನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಬಸ್ ಪೂರಾ ತುಂಬಿತ್ರೀ ಮೇಡಂ, ಮಂದಿ ಜೋತಾಡಾಕತ್ತಿದ್ರು. ಆದ್ರ ಆ ಸೀಟಿನ್ಯಾಗ ಒಬ್ರೂ ಕೂಡ್ಲಿಲ್ಲ. ಚೀಲ ಇಟ್ಟಾರಲ್ಲ, ಯಾರೋ ಬರೋರದಾರ ಅಂದ್ರು."

ಗುರುತು ಪರಿಚಯವಿಲ್ಲದ ಮಂದಿ ಆಳಂದದವರೆಗೆ ನನ್ನ ಸೀಟು ಕಾದಿದ್ದಾರೆ. ನಾನು ನಿಮ್ಮ ಸೀಟನ್ನು ರಿಂಗ್ ರೋಡಿನವರೆಗೂ ಕಾಯಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ತಪ್ಪು ನನ್ನದೇ, ಮಾಫ್ ಮಾಡಿ. ಎಂಟರ ಬಸ್ಸಿಗೆ ಬನ್ನಿ, ಆ ಸುದ್ದಿ ಏನೆಂದು ಹೇಳಿ.

ಆಳಂದ ನೋಡಿ ಬಂದ ಬ್ಯಾಗಿನ ಒಡತಿ,
ವಿದ್ಯಾವತಿ

*

ಕಮಲಾಪುರ
22 ಜುಲೈ 2024

ವಿದ್ಯಾವತಿ ಮೇಡಂ,

ನಿಮ್ಮ ಪತ್ರವನ್ನು ಡ್ಯೂಟಿಯಲ್ಲಿ ಓದಬಾರದಿತ್ತು. ಇಂಜೆಕ್ಷನ್ ಮಾಡುವಾಗ ಆ ಲೈನ್‌ಮನ್ನರ ಅಂಗಿ ನೆನಪಾಯಿತು. ರೋಗಿ "ನಗಬ್ಯಾಡ್ರೀ ಸಿಸ್ಟರ್, ಸೂಜಿ ಅಳ್ಳಾಡಾಕತ್ತದ" ಎಂದು ಕೈ ಮುಗಿದ.

ಮಾಫ್ ಮಾಡಿದ್ದೇನೆ. ಆದರೆ ಎಂಟರ ಬಸ್ಸಿಗೆ ಬರುವುದಿಲ್ಲ. ಬಂದರೆ ನನ್ನ ಸೀಟಿಗೆ ಏನು ಎಸೆಯುತ್ತೀರಿ? ಆ ಚೀಲದಲ್ಲಿ ನಮಗೆ ಬೇಕಾದದ್ದು ಒಂದೂ ಇರಲಿಲ್ಲ, ಹಾಗಾಗಿಯೇ ಅದನ್ನು ಯಾವ ಬಸ್ಸಿಗಾದರೂ ಎಸೆಯುವ ಧೈರ್ಯ ನಿಮಗಿತ್ತು. ಗಣಿತದವರಿಗೆ ಇಷ್ಟು ಲೆಕ್ಕ ತಿಳಿಯಲಿಲ್ಲವಲ್ಲ.

ಇನ್ನೊಂದು ಮಾತು. ನೋಟ್‌ಬುಕ್ಕನ್ನು ಶಾಲೆಯ ಕಪಾಟಿನಲ್ಲಿ ಇಟ್ಟು ಬನ್ನಿ, ಅವು ಅಲ್ಲಿಯೂ ಮಲಗುತ್ತವೆ. ಬಾಳೆಹಣ್ಣು ಬೇಕಾದ ಓಣಿಯ ಹೆಂಗಸರಿಗೂ ಬಸ್ಸಿಗೆ ಟಿಕೆಟ್ ಇಲ್ಲ, ತಾವೇ ಬರಲಿ.

ಸುದ್ದಿಯನ್ನು ಪತ್ರದಲ್ಲಿ ಬರೆಯಲಾರೆ. ಕೂತಾಗ ಹೇಳುತ್ತೇನೆ.

ಫರ್ಹೀನ್

*

ಗಾಜಿಪುರ
10 ಆಗಸ್ಟ್ 2024

ಫರ್ಹೀನ್,

ಇನ್ನು ಮೇಲೆ ನಿನಗೆ ನೀವು ಅನ್ನುವುದಿಲ್ಲ. ಸಿಟ್ಟು ಬಂದರೆ ಇನ್ನೊಂದು ತಿಂಗಳು ಮುಖ ತಿರುಗಿಸು. ನೀಲಕಂಠ ಎಲ್ಲ ಹೇಳಿದ. ಈ ತಿಂಗಳ ಕೊನೆಗೆ ನಿನಗೆ ಕಲಬುರಗಿ ಶಹರದ ಆಸ್ಪತ್ರೆಗೇ ವರ್ಗವಂತೆ. ಬಸ್ಸಿನ ಕಂಡಕ್ಟರಿಗೆ ಗೊತ್ತು, ಪಕ್ಕದಲ್ಲಿ ಕೂತವಳಿಗೆ ಗೊತ್ತಿಲ್ಲ. ಏಳರ ಬಸ್ಸಿನಲ್ಲಿ ಹಾಗೇ ಜಾರಿಹೋಗುವವಳಿದ್ದೆಯಾ? ಅಡಿಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನಮ್ಮತ್ತೆ ಬಂದು "ಉಳ್ಳಾಗಡ್ಡಿ ಎಲ್ಲದ, ಬರೇ ಅಳಾಕತ್ತಿಯಲ್ಲ?" ಎಂದರು. ಹೇಳಿದೆ. ಒಲೆಯ ಉರಿ ಸಣ್ಣಗೆ ಮಾಡಿ, "ಜುಬೇದಾ ಶುಕ್ರವಾರ ಬರ್ತಾಳ," ಎಂದರು.

ಶುಕ್ರವಾರ ರಜೆ ಹಾಕಿ ಓಣಿಯ ಬಾಯಲ್ಲಿ ಕಾದೆ. ಜುಬೇದಾ ಪಾತ್ರೆಯ ಬುಟ್ಟಿ ಇಳಿಸಿ, ನಮ್ಮ ಚೀಲವನ್ನೇ ಕಟ್ಟೆಯ ಮೇಲೆ ಹಾಸಿ ಅದರ ಮೇಲೆ ಕೂತಳು! ನೀನು ಹಾಕಿದ ಹೊಲಿಗೆ ಅವಳ ಸೀರೆಯ ಅಂಚಿನಡಿ ಕಾಣುತ್ತಿತ್ತು. ಕೊಡು ಎಂದೆ. ಕೊಡುವುದಿಲ್ಲ ಎಂದಳು, ಒಳಗಿನ ಪೇಪರು ಮೆತ್ತಗಿದೆಯಂತೆ, ಬೀಗವನ್ನು ಒಂದು ಮೂಲೆಗೆ ಸರಿಸಿದರೆ ಆಯಿತಂತೆ. ಜರಡಿ ವಾಪಸ್ ಕೊಡುತ್ತೇನೆ ಎಂದೆ. ಒಳಗಿನಿಂದ ಅತ್ತೆ "ಜರಡಿ ಮುಟ್ಟಬ್ಯಾಡ!" ಎಂದು ಕೂಗಿದರು. ಅವರ ಕರುಣೆಗೂ ಒಂದು ಮಿತಿಯಿದೆ.

ಕೊನೆಗೆ ಒಳಗೆ ಹೋಗಿ ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದ್ದ ನಾಲ್ಕೂ ಚೀಲಗಳನ್ನು ತಂದು ಅವಳ ಮುಂದಿಟ್ಟೆ. ಕರಿ ಬ್ಯಾಗು, ನೋಟ್‌ಬುಕ್ಕಿನ ಚೀಲ, ಬುತ್ತಿಯ ಚೀಲ, ಬಾಳೆಹಣ್ಣಿನ ಚೀಲ. ಜುಬೇದಾ ನನ್ನ ಮುಖ ನೋಡಿದಳು. "ಕ್ಯಾ ಬಾಯೀ, ನಾಕು ಚಲೋ ಚೀಲ ಕೊಟ್ಟು ಒಂದು ಹರಕ ಚೀಲ ಒಯ್ತೀರಿ? ತಬ್ಯೇತ್ ಬರೋಬ್ಬರಿ ಅದ ಇಲ್ರಿ?" ಬರೋಬ್ಬರಿ ಇದೆ ಎಂದೆ.

ಈಗ ಮತ್ತೆ ಚೀಲ ತುಂಬಿಕೊಳ್ಳೋಣವೆಂದರೂ ಮನೆಯಲ್ಲಿ ಚೀಲವೇ ಇಲ್ಲ. ನೋಟ್‌ಬುಕ್ಕು ಶಾಲೆಯ ಕಪಾಟಿನಲ್ಲಿವೆ, ಅಲ್ಲೇ ಕೂತು ತಿದ್ದುತ್ತೇನೆ. ಹೆಡ್‌ಮೇಡಂಗೆ ಚಟ್ನಿ ಮಾಡುವ ವಿಧಾನ ಬರೆದುಕೊಟ್ಟೆ, ಅವರ ಮುಖ ಸಪ್ಪಗಾಯಿತು. ಓಣಿಯವರು ಮಾತು ಬಿಟ್ಟಿದ್ದಾರೆ, ಅದೂ ಒಂದು ಭಾರ ಕಡಿಮೆ. ಬೆನ್ನಿಗೊಂದು ಬ್ಯಾಗು, ಕೈಗೆ ಸೀಟಿನ ಚೀಲ, ಇಷ್ಟೇ. ಭುಜ ಏಳುತ್ತಿದೆ.

ಇರುವ ನಾಲ್ಕು ದಿನವಾದರೂ ಕೂತು ಹೋಗೋಣ, ಬಾರೇ.

ನಿನ್ನ
ವಿದ್ಯಾ

*

ಕಮಲಾಪುರ
13 ಆಗಸ್ಟ್ 2024

ವಿದ್ಯಾ,

ಕಂಡಕ್ಟರಿಗೆ ನಾನು ಹೇಳಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಯಾರೋ ಹೇಳಿದ್ದಾರೆ. ವರ್ಗದ ಸುದ್ದಿ ಕೇಳಿದವರೆಲ್ಲ "ಮನಿ ಹತ್ರ ಬಂತು, ಚಲೋ ಆತು" ಎನ್ನುತ್ತಾರೆ. ಮನೆಯಲ್ಲಿ ಖೀರು ಮಾಡಿ ಹಂಚಿದರು. ಚಲೋ ಆಯಿತು ಎನ್ನದವಳು ಒಬ್ಬಳಾದರೂ ಇರಲಿ ಎಂದು ನಿನಗೆ ಹೇಳಲು ಬಂದಿದ್ದೆ. ನೀನೂ ಹಾಗೆಯೇ ಅಂದುಬಿಟ್ಟರೆ ಎಂಬ ಹೆದರಿಕೆಯೂ ಇತ್ತು. ನೀನು ಅತ್ತದ್ದು ಓದಿ ಬಹಳ ಸಮಾಧಾನವಾಯಿತು.

ಶುಕ್ರವಾರ ಎಂಟರ ಬಸ್ಸು. ಚೀಲದ ಹೊಲಿಗೆ ಬಿಚ್ಚಿದ್ದರೆ ಹೇಳು, ದಾರ ತರುತ್ತೇನೆ.

ಫರ್ಹೀನ್

*

ಗಾಜಿಪುರ
5 ಸೆಪ್ಟೆಂಬರ್ 2024

ಪ್ರೀತಿಯ ಫರ್ಹೀನ್,

ಇವತ್ತು ಶಿಕ್ಷಕರ ದಿನ. ಮಕ್ಕಳು ಗುಲಾಬಿ, ಪೆನ್ನು, ಒಂದು ಗೊನೆ ಕೆಂಪು ಬಾಳೆಹಣ್ಣು ಕೊಟ್ಟರು. ಇಡಲು ಚೀಲವಿಲ್ಲದೆ ಗೊನೆಯನ್ನು ಕೂಸಿನ ಹಾಗೆ ಹೆಗಲ ಮೇಲೆ ಹಾಕಿಕೊಂಡು ಬಂದೆ. ಇದನ್ನು ನೋಡಿ ಓಣಿಯವರು ಮತ್ತೆ ಮಾತಾಡಿಸುತ್ತಿದ್ದಾರೆ.

ಮೊನ್ನೆ ಸೋಮವಾರದ ಸಂಗತಿ ನಿನಗೆ ಹೇಳದೆ ಇರಲಾರೆ. ನೀನಿಲ್ಲದ ಮೊದಲ ದಿನ. ಬಸ್ಸು ಬಂತು, ನನ್ನ ಕೈ ತಾನಾಗೇ ಚೀಲ ಎತ್ತಿ ಎಸೆಯಿತು. ಬಲಗಡೆ, ಮೂರನೆಯದು, ಕಿಟಕಿಯ ಪಕ್ಕ. ಹತ್ತಿ ಪಕ್ಕದಲ್ಲಿ ಕೂತ ಮೇಲೆ ನೆನಪಾಯಿತು. ತೆಗೆಯಬೇಕಿತ್ತು, ತೆಗೆಯಲಿಲ್ಲ. "ಯಾರರ ಬರೋರದಾರೇನ್ರೀ?" ಎಂದು ಒಬ್ಬಳು ಕೇಳಿದಳು. "ಬರ್ತಾರ್ರೀ, ರಿಂಗ್ ರೋಡಿಗೆ," ಎಂದೆ. ರಿಂಗ್ ರೋಡು ಬಂತು. ಮಂದಿ ಹತ್ತಿದರು, ನೀನು ಹತ್ತಲಿಲ್ಲ. ಇನ್ನೊಬ್ಬಳು ಕೇಳಿದಳು. "ಮುಂದ ಬರ್ತಾರ್ರೀ," ಎಂದೆ. ಹೀಗೆ ಸುಳ್ಳು ಹೇಳುತ್ತ ಮಹಾಗಾಂವ ಕ್ರಾಸಿನವರೆಗೆ ಹೋದೆ. ನೀಲಕಂಠ ಎಲ್ಲ ಗೊತ್ತಿದ್ದೂ ಟಿಕೆಟ್ ಕೊಡುತ್ತ ಮುಂದೆ ಹೋದ.

ಮಹಾಗಾಂವ ಕ್ರಾಸಿನಲ್ಲಿ ಒಬ್ಬ ಮುದುಕಿ ಹತ್ತಿದಳು. ಅವಳು ಕೇಳಲೇ ಇಲ್ಲ. ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತು, "ಏನ್ ಹೊತ್ತು ತಿರಗಾಡ್ತಿಯವ್ವಾ, ಭಾರೀ ವಜನ ಅದಲ್ಲ," ಎಂದಳು. ನನಗೆ ಕಣ್ಣು ತುಂಬಿ ಬಂತು. ಮುದುಕಿ ಹೆದರಿ ಚೀಲ ನನಗೇ ಕೊಟ್ಟು, "ತೊಗೋ ಯವ್ವಾ, ನಾ ಏನೂ ಮುಟ್ಟಿಲ್ಲ," ಎಂದಳು.

ನೀನಿಲ್ಲದೆ ಆ ದಾರಿ ಬಹಳ ಉದ್ದವಾಗಿದೆ. ಆದರೂ ನಿನಗೆ ಒಳ್ಳೆಯದಾಯಿತು ಎಂದು ನಾನು ಹೇಳಲೇಬೇಕು. ಮನೆ ಹತ್ತಿರ, ದಿನಾ ಬಸ್ಸಿನ ಕಷ್ಟವಿಲ್ಲ. ಈಗಲಾದರೂ ಸ್ವಲ್ಪ ಕೂರುತ್ತೀಯಾ?

ನಿನ್ನ
ವಿದ್ಯಾ

*

ರಿಂಗ್ ರೋಡ್, ಕಲಬುರಗಿ
20 ಸೆಪ್ಟೆಂಬರ್ 2024

ವಿದ್ಯಾ,

ಚಲೋ ಆಯಿತು ಎಂದು ಕೊನೆಗೂ ಅಂದುಬಿಟ್ಟೆಯಲ್ಲ! ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ, ಕೂರುವುದಿಲ್ಲ. ಹೊಸ ಆಸ್ಪತ್ರೆ ಮನೆಯಿಂದ ಹತ್ತು ನಿಮಿಷದ ನಡಿಗೆ. ಹತ್ತಿರವಿದ್ದಾಳೆ ಎಂದು ಮಧ್ಯಾಹ್ನ ಅತ್ತೆಯ ಇನ್ಸುಲಿನ್‌ಗೆ ಮನೆಗೆ ಕರೆಯುತ್ತಾರೆ, ಸಂಬಂಧಿಕರು ಮನೆಗೆ ಬಂದರೆ ಚಹಾ ಮಾಡಲು ಕರೆಯುತ್ತಾರೆ, ದಾನಿಶನ ಅಪ್ಪ ಅಮೀರ್ ಸಾಹೇಬರು ಸಾಕ್ಸು ಎಲ್ಲಿದೆ ಎಂದು ಕೇಳಲು ವಾರ್ಡಿಗೇ ಬರುತ್ತಾರೆ. ಇಲ್ಲಿಯೂ ನರ್ಸ್‌ಗೊಂದು ಕುರ್ಚಿ ಇದೆ. ಅದರ ಮೇಲೆ ಯಾರು ಕೂತಿರುತ್ತಾರೆಂದು ನಿನಗೆ ಗೊತ್ತು. ನಾನು ಕೂರದೆ ಮೂರು ವಾರವಾಯಿತು. ಆ ಕಿಟಕಿ ಬೇಕೆನಿಸುತ್ತದೆ, ಪಕ್ಕದಲ್ಲಿ ಕೂತು ಬಡಬಡಿಸುವ ನೀನೂ ಬೇಕೆನಿಸುತ್ತದೆ.

ಅದಕ್ಕೆ ಒಂದು ನಿರ್ಧಾರ ಮಾಡಿದ್ದೇನೆ. ಮಂಗಳವಾರ ನನಗೆ ವಾರದ ರಜೆ. ಕಮಲಾಪುರದಲ್ಲಿ ಸ್ವಲ್ಪ ಕೆಲಸ ಬಾಕಿ ಇದೆ, ಪ್ರತಿ ಮಂಗಳವಾರ ಹೋಗಿ ಬರಬೇಕು ಎಂದು ಮನೆಯಲ್ಲಿ ಹೇಳಿದೆ. ಸುಳ್ಳೇನಲ್ಲ. ಕೂರುವ ಕೆಲಸ ಬಾಕಿ ಇದೆ. ಕಮಲಾಪುರ ಬಂದಾಗ ನೀನು ಇಳಿದು ಶಾಲೆಗೆ ಹೋಗು. ನಾನು ಇಳಿಯುವುದಿಲ್ಲ. ಆ ಬಸ್ಸು ತಿರುಗಿ ಬರುವಾಗ ಅದರಲ್ಲೇ ಕೂತು ವಾಪಸ್ ಬರುತ್ತೇನೆ. "ಎಲ್ಲಿಗ್ರೀ ಸಿಸ್ಟರ್?" ಎಂದು ಕೇಳಿದ ನೀಲಕಂಠನಿಗೆ ಎಲ್ಲಿಗೂ ಇಲ್ಲ ಎಂದು ಮೊದಲೇ ಹೇಳಿಟ್ಟಿದ್ದೇನೆ. ಹೆಂಗೂ ಟಿಕೆಟ್ ಇಲ್ಲವಲ್ಲ.

ಖಾಲಿ ಕೈಯಲ್ಲಿ ಬರುತ್ತೇನೆ. ಬುತ್ತಿ ಇಲ್ಲ, ಪರ್ಸ್ ಇಲ್ಲ, ಛತ್ರಿ ಇಲ್ಲ. ನೀನು ಚೀಲ ತಾ, ಸಾಕು. ಎಂಟರ ಬಸ್ಸು, ಬಲಗಡೆ, ಮೂರನೆಯ ಕಿಟಕಿ. ಬೋರ್ಡು ನೋಡಿ ಒಗಿ.

ನಿನ್ನ ಐದನೆಯ ಚೀಲ,
ಫರ್ಹೀನ್